ಅಪ್ಪನ ಹೆಬ್ಬೆರಳು, ಇಡ್ಲಿಯ ಹಿಟ್ಟು

ಅಪ್ಪ ಹೆಬ್ಬೆರಳನ್ನು ಮಡಚಿಕೊಂಡು ಊಟ ಮಾಡುತ್ತಿದ್ದಾನೆಂದು ಮೊದಲು ಗಮನಿಸಿದವಳು ಅಮ್ಮ. ನಾಲ್ಕು ಬೆರಳಲ್ಲಿ ಅನ್ನ ಕಲಸಿ ನಾಲ್ಕು ಬೆರಳಲ್ಲೇ ಎತ್ತುತ್ತಿದ್ದ. ಬಾಯಿ ಮುಟ್ಟುವಷ್ಟರಲ್ಲಿ ಅರ್ಧ ಮತ್ತೆ ತಟ್ಟೆಗೇ ಬೀಳುತ್ತಿತ್ತು.

"ಎಂತ ಅದು, ಸಣ್ಣ ಮಕ್ಕಳ ಹಾಂಗೆ ಚೆಲ್ತ್ರಿ?"

"ಸಾರು ಬಿಸಿ ಇತ್ತ್."

ಸಾರು ಬಿಸಿ ಇರಲಿಲ್ಲ. ನಾನು ಅದನ್ನೇ ಉಂಡು ಮುಗಿಸಿದ್ದೆ. ಎದುರಾಳಿಯ ಮೊದಲ ಸುಳ್ಳು ಸಿಕ್ಕರೆ ಉಳಿದದ್ದು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ ಎಂದು ನಮ್ಮ ಡಿಬೇಟ್ ತಂಡದಲ್ಲಿ ಕಲಿಸಿದ್ದರು. ಗಿಂಡಿ ಬಡಾವಣೆಯ ಕಾಲೇಜಿನಲ್ಲಿ ನಾನು ಸೇರಿದ್ದು ಇಂಜಿನಿಯರಿಂಗಿಗೆ. ನಿಜವಾಗಿ ಕಲಿತ ವಿದ್ಯೆ ಮಾತ್ರ ಡಿಬೇಟೊಂದೇ.

"ಕೈ ತೋರ್ಸು ಅಪ್ಪ."

"ಎಂತಕೆ?"

"ಎಂತಕೆ ಅಂತ ಕೇಳೋದೇ ಸಾಕ್ಷಿ. ತೋರ್ಸು."

ತೋರಿಸಿದ. ಬಲಗೈಯ ಹೆಬ್ಬೆರಳ ಉಗುರು ಒಂದು ಬದಿಯಿಂದ ಮೇಲೆದ್ದು, ಹಳೆಯ ಪುಸ್ತಕದ ಹಾಳೆಯ ಬಣ್ಣಕ್ಕೆ ತಿರುಗಿತ್ತು. ಅಂಚಿನಲ್ಲಿ ಪುಡಿ. ಬುಡದ ಚರ್ಮ ಕೆಂಪಗೆ ಉಬ್ಬಿತ್ತು. ಉಗುರನ್ನೂ ಚರ್ಮವನ್ನೂ ಬೆಸೆಯುವ ಆ ತೆಳು ಪೊರೆ ಇತ್ತೆಂಬುದಕ್ಕೆ ಗುರುತೂ ಇರಲಿಲ್ಲ. ಕರಿಬೇವಿನ ಕಡ್ಡಿ ಚುಚ್ಚಿದ್ದು ಎಂದ. ಯಾವಾಗ ಎಂದು ಕೇಳಿದರೆ ಹೋದ ದೀಪಾವಳಿಗೆ ಎಂದ. ನಾವು ಈ ಮಾತಾಡುವಾಗ ಏಪ್ರಿಲ್, ತಮಿಳರ ಚಿತ್ತಿರೈ ತಿಂಗಳ ಬಿಸಿಲು ಸುಡುತ್ತಿತ್ತು. ಅಷ್ಟೂ ತಿಂಗಳು ಅರಿಸಿನ ಸುಣ್ಣ ಹಚ್ಚಿದ್ದಾನೆ, ಕೊಬ್ಬರಿ ಎಣ್ಣೆ ಹಚ್ಚಿದ್ದಾನೆ, ಬ್ಲೇಡಿನಲ್ಲಿ ಕೆರೆದಿದ್ದಾನೆ, ನಮಗೆ ಮಾತ್ರ ಹೇಳಿಲ್ಲ.

"ಈ ಕೈಯಲ್ಲೇ ಹಿಟ್ಟು ಕಲಸ್ತಿದ್ಯಾ?"

"ಬೇಯಿಸ್ತಿಲ್ವಾ ಅದನ್ನ?" ಎಂದು ಅಪ್ಪ ಕೈ ತೊಳೆಯಲು ಎದ್ದ.

ಅಪ್ಪನ ಕೆಲಸವೇ ಹಿಟ್ಟು. ಈ ತಮಿಳು ಶಹರದ ಬೆಸೆಂಟ್ ನಗರದಲ್ಲಿ, ಸಮುದ್ರಕ್ಕೆ ಎರಡು ಬೀದಿ ಹಿಂದೆ, ನಮ್ಮೂರ ಕಡೆಯವರದೊಂದು ಸಸ್ಯಾಹಾರಿ ಹೋಟೆಲು. ಅಲ್ಲಿ ಕಾವಲಿಯವರು ಬೇರೆ, ಸಾಂಬಾರಿನವರು ಬೇರೆ, ಹಿಟ್ಟಿನವರು ಬೇರೆ. ಮಧ್ಯಾಹ್ನ ನೆನೆಸಿದ ಅಕ್ಕಿ ಉದ್ದು ಸಂಜೆ ನಾಲ್ಕಕ್ಕೆ ಗ್ರೈಂಡರಿಗೆ ಬೀಳುತ್ತದೆ. ಏಳರ ಹೊತ್ತಿಗೆ ಅಪ್ಪ ದೊಡ್ಡ ಪಾತ್ರೆಗೆ ಉಪ್ಪು ಹಾಕಿ, ಮೊಣಕೈವರೆಗೆ ಕೈ ಮುಳುಗಿಸಿ, ತಳದಿಂದ ಮೇಲಕ್ಕೆ ಹಿಟ್ಟನ್ನು ಮಗುಚುತ್ತಾನೆ. ಆ ಪಾತ್ರೆಗೆ ಬೇರೆಯವರು ಕೈ ಹಾಕುವಂತಿಲ್ಲ. ಅಪ್ಪನ ಕೈ ಬಿದ್ದರೆ ಮಾತ್ರ ಹಿಟ್ಟು ಏಳುತ್ತದೆ, ಅದು ಅವನ ಕೈಗುಣ ಎಂಬುದು ಆ ಅಡುಗೆಮನೆಯ ಸಂವಿಧಾನ.

ಸಂವಿಧಾನಕ್ಕೊಂದು ಐತಿಹಾಸಿಕ ಆಧಾರವೂ ಇತ್ತು. ನಾನು ಹುಟ್ಟಿದಾಗ ಅಮ್ಮ ಕುಂದಾಪುರದ ತವರಿನಲ್ಲಿದ್ದಳು. ಮಗುವನ್ನು ನೋಡಲೆಂದು ಅಪ್ಪ ಬಂದ. ಅವನಿಲ್ಲದ ಎರಡೂ ದಿನ ಇಲ್ಲಿ ಹಿಟ್ಟು ಏಳಲಿಲ್ಲ, ಇಡ್ಲಿ ಕಲ್ಲಾಯಿತು. ತವರಿನ ಪಕ್ಕದ ಮನೆಗೆ ಫೋನು ಬಂತು. ಅಪ್ಪ ನಾಮಕರಣಕ್ಕೂ ನಿಲ್ಲದೆ ಬಸ್ಸು ಹತ್ತಿದ. ಅಲ್ಲಿಂದೀಚೆ ಒಂದು ಸಂಜೆಯೂ ರಜೆ ಹಾಕಿದವನಲ್ಲ. "ನಿನ್ನ ಹೆಸರು ಕಿವಿಯಲ್ಲಿ ಹೇಳುವಾಗ ನಿನ್ನಪ್ಪ ಹಿಟ್ಟು ಕಲಸ್ತಿದ್ರ್" ಎಂಬುದು ಅಮ್ಮ ವರ್ಷಕ್ಕೆ ನಾಲ್ಕು ಬಾರಿಯಾದರೂ ಬಡಿಸುವ ಮಾತು.

ಡಾಕ್ಟರ ಹತ್ತಿರ ಹೊರಡಿಸಲು ನನಗೆ ವಾರ ಹಿಡಿಯಿತು. ಕೊನೆಗೆ ಕೆಲಸ ಮಾಡಿದ್ದು ತರ್ಕವಲ್ಲ, ಬೆದರಿಕೆ: ನೀನು ಬರದಿದ್ದರೆ ನಾನು ಹೋಟೆಲಿನ ಧಣಿಯ ಹತ್ತಿರ ಹೇಳುತ್ತೇನೆ ಎಂದೆ.

ಚರ್ಮದ ಡಾಕ್ಟರು ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಉಗುರನ್ನು ದೀಪದಡಿ ತಿರುಗಿಸಿ ತಿರುಗಿಸಿ ನೋಡಿ, "ಎನ್ನ ವೇಲೆ ಅಯ್ಯಾ?" ಎಂದು ಕೇಳಿದರು. ಏನು ಕೆಲಸ ಎಂದು ಅಪ್ಪ ಹೇಳಿದ್ದೇ ತಲೆಯಾಡಿಸಿದರು, ಉತ್ತರ ಮೊದಲೇ ಗೊತ್ತಿದ್ದವರಂತೆ. ಉಗುರಿನಡಿಯ ಪುಡಿಯನ್ನು ಕೆರೆದು ಗಾಜಿನ ಮೇಲಿಟ್ಟು, ಯಾವುದೋ ದ್ರವದ ಹನಿ ಬಿಟ್ಟರು. ಸ್ವಲ್ಪ ಹೊತ್ತು ಕಾಯಿಸಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ಆಮೇಲೆ ನನ್ನನ್ನೂ ಕರೆದರು. ಮಸುಕು ಬೆಳಕಿನಲ್ಲಿ ಸಣ್ಣ ಸಣ್ಣ ಮೊಟ್ಟೆಯಾಕಾರದ ಕಣಗಳು, ಕೆಲವು ಒಂದರ ಬಾಲ ಒಂದು ಹಿಡಿದು ಸರದಂತೆ ಸಾಲುಗಟ್ಟಿದ್ದವು. ಅಪ್ಪನೂ ಒಂದು ಕಣ್ಣು ಮುಚ್ಚಿ ಬಗ್ಗಿದ.

"ಸಾಬಕ್ಕಿ ಹಾಂಗೆ ಕಾಣ್ತಲ್ದಾ."

ಡಾಕ್ಟರು ತಮಿಳಿನಲ್ಲಿ ನಿಧಾನವಾಗಿ ವಿವರಿಸಿದರು. ಉಗುರಿಗೆ ಹತ್ತುವ ಶಿಲೀಂಧ್ರಗಳಲ್ಲಿ ಎಲ್ಲವೂ ಒಂದೇ ಕುಲದವಲ್ಲ. ಉಗುರನ್ನೇ ತಿಂದು ಬದುಕುವ ಜಾತಿಯೊಂದು. ಅದು ಬೂಟು ಹಾಕುವವರ ಕಾಲಿನಲ್ಲಿ ಹೆಚ್ಚು. ಮಣ್ಣಿನಿಂದ, ಕೊಳೆತ ಎಲೆಗಳಿಂದ ಬರುವ ಬೂಷ್ಟು ಇನ್ನೊಂದು. ಇದು ಮೂರನೆಯದು, ಯೀಸ್ಟ್ ಜಾತಿಯದು. ಇದು ಎಲ್ಲರ ಮೈಮೇಲೂ ತೆಪ್ಪಗೆ ಇರುತ್ತದೆ. ಬುಡದ ಪೊರೆ ನೀರಿನಲ್ಲಿ ನೆನೆದು ನೆನೆದು ಕಿತ್ತುಹೋದರೆ ಬಾಗಿಲು ತೆರೆದ ಹಾಗೆ ಒಳಗೆ ನುಗ್ಗುತ್ತದೆ. ಅಡುಗೆಯವರು, ಪಾತ್ರೆ ತೊಳೆಯುವವರು, ಮೀನು ಮಾರುವವರು, ಇವರೇ ತನ್ನ ಹತ್ತಿರ ಬರುವವರು ಎಂದರು. ರಕ್ತಪರೀಕ್ಷೆ ಮಾಡಿ ಯಕೃತ್ತು ಸರಿಯಿದೆಯೆಂದು ನೋಡಿಕೊಂಡು ಮಾತ್ರೆ ಶುರು ಮಾಡಬೇಕು. ಹೊಸ ಉಗುರು ಪೂರ್ತಿ ಬೆಳೆಯಲು ಆರು ತಿಂಗಳು ಬೇಕು, ಅಲ್ಲಿಯವರೆಗೆ ಕೈ ಒಣಗಿರಬೇಕು.

"ಹಿಟ್ಟು?" ಎಂದ ಅಪ್ಪ.

"ಹಿಟ್ಟು ಬೇಡ. ಆವಿಯಲ್ಲಿ ಬೆಂದರೆ ಇದು ಸಾಯುತ್ತದೆ, ನಿಜ. ಹಾಗೆಂದು ಇಂಥ ಕೈಯನ್ನು ಊಟಕ್ಕೆ ಹಾಕುವುದಾ ಅಯ್ಯಾ?"

ರಕ್ತಪರೀಕ್ಷೆ ಆಯಿತು, ಯಕೃತ್ತು ಚೆನ್ನಾಗಿತ್ತು, ಮಾತ್ರೆ ತಂದೆವು. ನಾನು ಇದೊಂದು ಗೆದ್ದ ಪ್ರಕರಣವೆಂದುಕೊಂಡು ಪರೀಕ್ಷೆಗೆ ಓದಲು ಕೂತೆ.

ಮೂರು ವಾರದ ಮೇಲೆ ಅಮ್ಮ ಇಂಗಿನ ಡಬ್ಬಿ ತೆಗೆಯಲು ಕೈ ಹಾಕಿದಾಗ ಅದರ ಹಿಂದೆ ಮಾತ್ರೆಯ ಪಟ್ಟಿ ಸಿಕ್ಕಿತು. ಒಂದೂ ಗುಳಿ ಒಡೆದಿರಲಿಲ್ಲ. ಧಣಿಗೂ ಅಪ್ಪ ಏನೂ ಹೇಳಿರಲಿಲ್ಲ. ಪ್ರತಿ ಸಂಜೆ ಹೋಗಿ, ಎಡಗೈಯಲ್ಲಿ ಹಿಟ್ಟು ಕಲಸಿ ಬರುತ್ತಿದ್ದ.

ಸಿಟ್ಟು ಬಂದರೆ ನನ್ನ ಬಾಯಲ್ಲಿ ತಮಿಳು ಬರುತ್ತದೆ. "ಏನ್‍ಪ್ಪಾ ಇಪ್ಪಡಿ ಪಣ್ಣೀಂಗ?" ಎಂದು ಕೂಗಿದೆ. ಯಾಕೆ ಹೀಗೆ ಮಾಡಿದೆ ಎಂಬ ಆ ಪ್ರಶ್ನೆಗೆ ಅವನು ಕನ್ನಡದಲ್ಲೇ, ಬಹಳ ಸಮಾಧಾನದಿಂದ ಉತ್ತರಿಸಿದ. ಮೂರು ವಾರದಿಂದ ಅದನ್ನು ಜೋಡಿಸಿಟ್ಟುಕೊಂಡಿದ್ದನೆಂದು ಕಾಣುತ್ತದೆ.

"ಡಾಕ್ಟ್ರು ಎಂತ ಹೇಳಿದ್ರ್? ಯೀಸ್ಟ್ ಅಂದ್ರ್. ಬೇಕರಿಯವ್ರ್ ಬ್ರೆಡ್ ಉಬ್ಬುಕೆ ಹಾಕುದು ಎಂತ? ಯೀಸ್ಟ್. ನೀ ಎಂತ ಹೇಳಿದ್ದೆ? ಕೈಗುಣ ಅಂದ್ರೆ ಕೈಯಲ್ಲಿಪ್ಪು ಜೀವಿ ಅಂದೆ. ಆ ಮಾತ್ರೆ ತಿಂದ್ರೆ ಎರಡೂ ಕೈಯಲ್ಲಿಪ್ಪುದ್ ಸಾಯ್ತ್. ಮತ್ತೆ ನನ್ನ ಹಿಟ್ಟು ಏಳೂದ್ ಹ್ಯಾಂಗೆ?"



ಹೌದು, ನಾನೇ ಹೇಳಿದ್ದೆ. ಆಗ ನನಗೆ ಹದಿನೇಳು. ಶಾಲೆಗೆ ರಜೆ, ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕೂತಿದ್ದೆ. ಧಣಿ ಯಾರೋ ಗಿರಾಕಿಗೆ, ಇಡ್ಲಿ ಹೀಗೆ ಹತ್ತಿಯಾಗುವುದು ನಮ್ಮವರ ಕೈಗುಣದಿಂದ, ಅದು ದೇವರು ಕೊಟ್ಟದ್ದು ಎಂದು ಹೇಳುತ್ತಿದ್ದರು. ನಾನು ಎದ್ದು ನಿಂತೆ. ದೇವರಿಗೂ ಹಿಟ್ಟಿಗೂ ಸಂಬಂಧವಿಲ್ಲ. ಒಬ್ಬೊಬ್ಬರ ಕೈಮೇಲೆ ಒಂದೊಂದು ಬಗೆಯ ಸೂಕ್ಷ್ಮಜೀವಿಗಳಿರುತ್ತವೆ, ಅಪ್ಪನ ಕೈಯಲ್ಲಿರುವುದು ಹಿಟ್ಟನ್ನು ಹುಳಿ ಬರಿಸುವಂಥದ್ದು, ಕೈಗುಣವೆಂದರೆ ಅಷ್ಟೇ ಎಂದು ಮೂರು ನಿಮಿಷ ಮಾತಾಡಿದೆ. "ಈ ಲಾಯರಮ್ಮನ ಎದುರು ಬಾಯಿ ತೆಗೂಕಾತಿಲ್ಲೆ ಮಾರಾಯ್ರೆ" ಎಂದು ಧಣಿ ಕೈ ಮುಗಿದರು. ಅಪ್ಪ ಅಡುಗೆಮನೆಯ ಬಾಗಿಲಲ್ಲಿ ಟವೆಲಿಗೆ ಕೈ ಒರೆಸುತ್ತ ಕೇಳುತ್ತಿದ್ದ. ಆಮೇಲೆ ಅದನ್ನು ಸಿಕ್ಕಿದವರಿಗೆಲ್ಲ ಹೇಳಿದ: ನನ್ನ ಕೈಗುಣಕ್ಕೆ ಮಗಳು ಸೈನ್ಸ್ ಕಂಡುಹಿಡಿದಿದ್ದಾಳೆ.

ನಾನು ಕಂಡುಹಿಡಿದದ್ದು ಏನೂ ಇರಲಿಲ್ಲ. ಎಲ್ಲಿಯೋ ಅರ್ಧ ಓದಿದ್ದನ್ನು ಪೂರ್ತಿ ಸ್ವರದಲ್ಲಿ ಹೇಳಿದ್ದೆ. ಸೋತ ವಾದವನ್ನಾದರೆ ಮನೆಗೆ ಬಂದು ಹತ್ತು ಸಲ ತಿರುವಿಹಾಕುತ್ತೇನೆ. ಗೆದ್ದದ್ದನ್ನು ಒಮ್ಮೆಯೂ ಪರೀಕ್ಷಿಸಿದವಳಲ್ಲ. ನಾನು ಮರೆತ ಆ ಮೂರು ನಿಮಿಷವನ್ನು ಅಪ್ಪ ನಾಲ್ಕು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದ, ಈಗ ಅದಕ್ಕಾಗಿ ಒಂದು ಉಗುರನ್ನೇ ಬಿಟ್ಟುಕೊಡಲು ತಯಾರಿದ್ದ.

ಎರಡು ದಿನ ಕೂತು ಈ ಸಲ ಪೂರ್ತಿ ಓದಿದೆ. ಇಡ್ಲಿ ಹಿಟ್ಟನ್ನು ಉಬ್ಬಿಸುವ ಕೆಲಸ ಮುಖ್ಯವಾಗಿ ಮಾಡುವುದು ಉದ್ದಿನ ಮೇಲೆಯೇ ಕೂತು ಬರುವ ಬ್ಯಾಕ್ಟೀರಿಯಾ. ಯೀಸ್ಟುಗಳೂ ಹಿಟ್ಟಿನಲ್ಲಿರಬಹುದು, ಆದರೆ ಅವು ಅಪ್ಪನ ಉಗುರನ್ನು ಕಾಯಬೇಕಾಗಿಲ್ಲ. ಯೀಸ್ಟ್ ಎಂಬುದು ಒಬ್ಬನ ಹೆಸರಲ್ಲ, ಒಂದು ದೊಡ್ಡ ಗುಂಪಿನದು. ಬ್ರೆಡ್ ಉಬ್ಬಿಸುವುದೂ ಉಗುರು ಹಾಳುಮಾಡುವುದೂ ಒಂದೇ ಊರಿನವರಾದರೂ ಒಂದೇ ಮನೆಯವರಲ್ಲ. ಇದನ್ನೆಲ್ಲ ಅಪ್ಪನಿಗೆ ಹೇಳಿ, ಕೊನೆಗೆ ನನಗೆ ಅಭ್ಯಾಸವೇ ಇಲ್ಲದ ವಾಕ್ಯವೊಂದನ್ನೂ ಹೇಳಿದೆ: "ಅವತ್ತು ನಾನು ಹೇಳಿದ್ದು ತಪ್ಪು."

"ಅವತ್ತಿಂದ್ ತಪ್ಪಾ, ಇವತ್ತಿಂದ್ ತಪ್ಪಾ? ನಿಮ್ಮ ಡಿಬೇಟಲ್ಲಿ ಎರಡೂ ಕಡೆ ಮಾತಾಡ್ತ್ರಂಬ್ರಲ್ಲ. ಇವತ್ತು ನಿಂಗೆ ಯಾವ ಕಡೆ ಕೊಟ್ಟಿದ್ರ್?"

ಡಿಬೇಟುಗಳಲ್ಲಿ ನನ್ನನ್ನು ಸೋಲಿಸಿದವರಿದ್ದಾರೆ. ಇಷ್ಟು ಕಡಿಮೆ ಪದಗಳಲ್ಲಿ ಸೋಲಿಸಿದವರಿಲ್ಲ.

"ಆಯ್ತು, ಮಾತು ಬೇಡ. ಮಾಡಿ ನೋಡುವ" ಎಂದೆ.

ಮನೆಯ ಸಣ್ಣ ಗ್ರೈಂಡರಿನಲ್ಲಿ ಹಿಟ್ಟು ರುಬ್ಬಿ, ಒಂದೇ ಹಿಟ್ಟನ್ನು ಎರಡು ಸ್ಟೀಲು ಪಾತ್ರೆಗೆ ಸಮನಾಗಿ ಸುರಿದೆ. ಒಂದನ್ನು ಅಪ್ಪ ಬಲಗೈಯಲ್ಲಿ ಕಲಸಿದ. ಇನ್ನೊಂದನ್ನು ನಾನು ಕುದಿನೀರಿನಲ್ಲಿ ತೊಳೆದ ಸೌಟಿನಲ್ಲಿ ತಿರುವಿದೆ. ಬೆಳಿಗ್ಗೆ ನೋಡಿದರೆ ಎರಡೂ ಕಂಠಮಟ್ಟ ಎದ್ದು ಮುಚ್ಚಳ ಎತ್ತಿದ್ದವು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಪಾತ್ರೆ ನೋಡುತ್ತಿದ್ದ.

"ಉದ್ದು ತೊಳೆದದ್ದು ಯಾರು?"

ಅಪ್ಪನೇ ತೊಳೆದಿದ್ದ. ಅಕ್ಕಿಯನ್ನೂ. ನೆನೆಹಾಕಿದ್ದೂ ಅವನೇ, ಮೂವತ್ತು ವರ್ಷದ ಅಭ್ಯಾಸದಲ್ಲಿ, ನಾನು ಸ್ನಾನಕ್ಕೆ ಹೋದಾಗ. ಎರಡು ಪಾತ್ರೆಗೂ ಅವನ ಕೈ ಮೊದಲೇ ಬಿದ್ದಿತ್ತು. ಹೈಸ್ಕೂಲಿನಾಚೆ ಓದದ ಮನುಷ್ಯ ನನ್ನ ಪ್ರಯೋಗದ ತೂತನ್ನು ಒಂದೇ ಪ್ರಶ್ನೆಯಲ್ಲಿ ತೋರಿಸಿಕೊಟ್ಟಿದ್ದ. ಅವನ ಕೈಯ ಪಾತ್ರೆಯನ್ನು ಅಮ್ಮ ಆಗಲೇ ಸಿಂಕಿಗೆ ಸುರಿದಿದ್ದಳು: "ಸೈನ್ಸ್ ಇರ್ಲಿ, ಆ ಹೆಬ್ಬೆರಳಿಂದ್ ನಾ ತಿಂಬುದಿಲ್ಲೆ."

ಎರಡನೆಯ ಸಲಕ್ಕೆ ಕೋಯಂಬೇಡು ಮಾರುಕಟ್ಟೆಗೆ ನಾನೇ ಹೋದೆ. ಅಪ್ಪನ ಪರಿಚಯದ ಅಂಗಡಿಗಳನ್ನೆಲ್ಲ ದಾಟಿ, ಅವನು ಎಂದೂ ಕಾಲಿಡದ ಅಂಗಡಿಯಿಂದ ಕಟ್ಟಿದ ಚೀಲದ ಉದ್ದು, ಅಕ್ಕಿ ತಂದೆ. ಗ್ರೈಂಡರಿನ ಕಲ್ಲನ್ನು ಬಿಸಿನೀರಿನಲ್ಲಿ ಉಜ್ಜಿದೆ. ಕೈಗೆ ಹೊಸ ಗವಸು. ಅಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಹಾಗೆ ನಿಂತದ್ದನ್ನು ನಾನು ಮೊದಲ ಬಾರಿ ನೋಡಿದ್ದು. ಹೊರಗಿನಿಂದ ಬಂದ ಇನ್‍ಸ್ಪೆಕ್ಟರನ ಹಾಗಿದ್ದ. ಕೈ ಸುಮ್ಮನಿತ್ತು, ಬಾಯಿ ಸುಮ್ಮನಿರಲಿಲ್ಲ.

"ಉದ್ದಿಗೆ ನೀರು ಒಮ್ಮೆಲೇ ಹಾಕ್‍ಬೇಡ. ಚಿಮುಕಿಸು. ಈಗ ಸದ್ದು ಕೇಳು, ಕಲ್ಲು ಹಗುರ ಆಯ್ತಲ್ದಾ? ಇನ್ನ್ ಒಂದ್ ಲೋಟ ನೀರು. ಸಾಕು, ಸಾಕು! ಅಕ್ಕಿ ಅಷ್ಟು ನುಣ್ಣಗೆ ಬೇಡ, ರವೆ ಹಾಂಗಿರ್ಲಿ. ಉಪ್ಪು... ಕಾಂಬ... ಹಾಂ, ಅಷ್ಟೇ."

ಕಣ್ಣಲ್ಲೇ ಕಲಸಿದ ಎನ್ನಬೇಕು. ಮುಚ್ಚಳ ಮುಚ್ಚಿದೆವು.

ಬೆಳಿಗ್ಗೆ ಅಡುಗೆಮನೆಗೆ ಹೋದಾಗ ಅಪ್ಪ ಆಗಲೇ ಪಾತ್ರೆಯ ಮುಂದಿದ್ದ, ಕೈ ಬೆನ್ನ ಹಿಂದೆಯೇ ಇತ್ತು. ಮುಚ್ಚಳ ತೆಗೆಯಲು ನನ್ನನ್ನು ಕಾಯುತ್ತಿದ್ದ. ತೆಗೆಯುವ ಮೊದಲು ನನಗೊಂದು ಹೆದರಿಕೆ ಹುಟ್ಟಿತು, ಅದು ಹಿಟ್ಟು ಏಳದಿದ್ದರೆ ಎಂಬುದಲ್ಲ. ಎದ್ದಿದ್ದರೆ? ಮೂವತ್ತು ವರ್ಷದಿಂದ ಒಬ್ಬ ಮನುಷ್ಯ ತನ್ನದೆಂದು ನಂಬಿದ್ದ ಒಂದೇ ವಿಶೇಷವನ್ನು ನಾನು ಒಂದು ಚೀಲ ಉದ್ದಿನಿಂದ ಕಿತ್ತುಕೊಂಡ ಹಾಗಲ್ಲವೇ?

ತೆಗೆದೆ. ಹಿಟ್ಟು ಗುಮ್ಮಟದಂತೆ ಎದ್ದಿತ್ತು. ಮೇಲೆಲ್ಲ ಸಣ್ಣ ಸಣ್ಣ ಗುಳ್ಳೆ, ಒಂದೊಂದಾಗಿ ಒಡೆಯುತ್ತಿದ್ದವು. ಆ ಹುಳಿ ವಾಸನೆಯೂ ಅದೇ.

ಅಪ್ಪ ಬಗ್ಗಿ ಮೂಸಿದ. "ನನ್ನ ಕೈಯಲ್ಲಿ ಎಂತದೂ ಇಲ್ಲೆ ಹಾಂಗಾರೆ" ಎಂದ.

"ಹಾಗಲ್ಲ ಅಪ್ಪ. ನೀರು, ಸದ್ದು, ಉಪ್ಪು..."

"ನೀ ಸುಮ್ಮನಿರು. ನಾ ನನ್ನಷ್ಟಕ್ಕೆ ಹೇಳ್ತಿದ್ದೆ." ಸ್ಟೂಲಿನ ಮೇಲೆ ಕೂತ. "ಮತ್ತೆ ನೀ ಹುಟ್ಟಿದಾಗ ಎಂತಕೆ ಹಿಟ್ಟು ಏಳ್ಲಿಲ್ಲೆ?"

ಇದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ತಯಾರಿತ್ತು. ಓದಿದ ಎರಡು ದಿನಗಳಲ್ಲಿ ತಟ್ಟನೆ ಹೊಳೆದಿತ್ತು. "ನಾನು ಹುಟ್ಟಿದ್ದು ಯಾವ ತಿಂಗಳು?"

ಡಿಸೆಂಬರು. ಈ ಊರಿನಲ್ಲಿ ಜನ ಕಿವಿಗೆ ಮಫ್ಲರು ಸುತ್ತಿಕೊಳ್ಳುವ ಒಂದೇ ತಿಂಗಳು. ಹೊರಗೆ ಮಳೆ, ಒಳಗೆ ಥಂಡಿ, ಹಿಟ್ಟು ಎಲ್ಲರ ಮನೆಯಲ್ಲೂ ಸೋಮಾರಿಯಾಗುವ ಕಾಲ.

"ಡಿಸೆಂಬರಲ್ಲಿ ನೀನು ಏನು ಮಾಡ್ತೀಯ?"

"ಪಾತ್ರೆನ ಬಾಯ್ಲರ್ ಹತ್ರ ಇಡ್ತೆ. ಗೋಣಿ ಸುತ್ತುತ್ತೆ." ಹೇಳುತ್ತ ಹೇಳುತ್ತಲೇ ನಿಲ್ಲಿಸಿದ. "ಅವ್ರಿಗೆ ನಾ ಅದನ್ನ ಹೇಳಿ ಹೋಗ್ಲಿಲ್ಲೆ."

ಅಮ್ಮ ಇಡ್ಲಿ ತಟ್ಟೆಗೆ ಎಣ್ಣೆ ಸವರುತ್ತಿದ್ದಳು. ಅಪ್ಪ ಅವಳ ಕಡೆ ತಿರುಗಿದ. "ಹಾಂಗಾರೆ ಅವತ್ತು ನಾ ವಾಪಾಸ್ ಬರೂದೇ ಬೇಡಿತ್ತ್."

"ಅದನ್ನೇ ಅಲ್ದಾ ನಾ ಇಪ್ಪತ್ತೊಂದು ವರ್ಷದಿಂದ ಹೇಳ್ತಿಪ್ಪುದು? ನಾ ಹೇಳಿದ್ರೆ ಜಗಳ, ಉದ್ದು ಹೇಳಿದ್ರೆ ಸೈನ್ಸ್!"

ಅಪ್ಪ ನಗುತ್ತಾನೋ ಅಳುತ್ತಾನೋ ಒಂದು ಕ್ಷಣ ತಿಳಿಯಲಿಲ್ಲ. ನಕ್ಕ. ಹೆಗಲಿನಿಂದ ಏನೋ ಇಳಿದ ಹಾಗೆ ಸ್ಟೂಲಿನಲ್ಲಿ ಒಮ್ಮೆ ಸಡಿಲಾಗಿ ಕೂತು ನಕ್ಕ. ಆಮೇಲೆ ಹೊಸ ವಿಚಾರವೊಂದು ಬಂದವನಂತೆ ಕೇಳಿದ: "ಹಾಂಗಾರೆ ನಾ ರಜೆ ಹಾಕ್ಲಕ್ಕಾ?"

ನಾನು ಹೆದರಿದ್ದು ಅವನ ಹೆಮ್ಮೆ ಮುರಿದೀತೆಂದು. ಅದರ ಬೆನ್ನಿಗೆ ಕಟ್ಟಿದ್ದ ಭಾರ ನನಗೆ ಕಂಡೇ ಇರಲಿಲ್ಲ. ನಾಳೆ ಜ್ವರ ಬಂದರೆ ಹಿಟ್ಟೇನು, ಬಸ್ಸು ಕೆಟ್ಟರೆ ಹಿಟ್ಟೇನು ಎಂದು ಇಪ್ಪತ್ತೊಂದು ವರ್ಷ ಎಚ್ಚರದಲ್ಲಿದ್ದವನಿಗೆ ಕೈಯಲ್ಲಿ ಏನೂ ಇಲ್ಲವೆಂಬ ಸುದ್ದಿ ಬಿಡುಗಡೆಯ ಆಜ್ಞೆಯಂತೆ ಬಂದಿತ್ತು. ಇಡ್ಲಿ ತಿಂದು ಕೈ ತೊಳೆದು, ಒರೆಸಿ, ಬೆರಳ ಸಂದು ಸಂದಿಗೂ ಟವೆಲು ಹಾಕಿ ಒರೆಸಿ, ಮೊದಲ ಮಾತ್ರೆ ನುಂಗಿದ.

ಧಣಿಗೆ ಅಪ್ಪನೇ ಉಗುರು ತೋರಿಸಿ ಎಲ್ಲವನ್ನೂ ಹೇಳಿದ. ನಾನು ವಾದಕ್ಕೆ ಸಿದ್ಧಳಾಗಿ ಜೊತೆಗೆ ಹೋಗಿದ್ದೆ, ಅವಕಾಶ ಸಿಗಲಿಲ್ಲ. ಮೊದಲು, ತಿಂಗಳುಗಟ್ಟಲೆ ಮುಚ್ಚಿಟ್ಟದ್ದಕ್ಕೆ ಸರಿಯಾಗಿಯೇ ಬೈದರು. ಅಪ್ಪ ತಲೆ ತಗ್ಗಿಸಿ ಬೈಸಿಕೊಂಡ. ಬೈದು ಮುಗಿಸಿ ಧಣಿ ಕುರ್ಚಿಗೆ ಒರಗಿದರು. "ನಿಮ್ಗೆ ಎಂತಾರೂ ಆದ್ರೆ ಹೋಟ್ಲು ಮುಚ್ಚೂದೇ ಅಂತ ನಾ ಎಷ್ಟು ವರ್ಷ ಹೆದ್ರಿದ್ದೆ ಗೊತ್ತಿತ್ತಾ ಮಾರಾಯ್ರೆ? ಒಣ ಕೈಯಲ್ಲಿ ನಿಂತು ಬೇರೆಯವ್ರಿಗೆ ಹೇಳಿಕೊಡಿ. ಮೊದಲು ಒಂದು ವಾರ ಮನೇಲಿ ಕೂತ್ಕಣಿ." ಆಮೇಲೆ ನನ್ನ ಕಡೆ ನೋಡಿ: "ಏನ್ ಲಾಯರಮ್ಮ, ಕೈಗುಣ ಇಲ್ಲ ಅಂತ ಆಯ್ತಾ ಈಗ? ಇಲ್ಲಾ, ಬರು ವರ್ಷ ಮತ್ತೆ ತೀರ್ಪು ಬದ್ಲಾಗ್ತಾ?"

"ಮತ್ತೆ ಪರೀಕ್ಷೆ ಮಾಡಿಯೇ ಹೇಳ್ತೇನೆ" ಎಂದೆ.

ರಜೆಯ ಎರಡನೆಯ ದಿನ ಸಂಜೆ ಐದಕ್ಕೆ ನಾವು ಮೂವರೂ ಸಮುದ್ರದ ದಂಡೆಗೆ ಹೋದೆವು. ಎರಡು ಬೀದಿ ಆಚೆ ಇಷ್ಟು ವರ್ಷ ಕೆಲಸ ಮಾಡಿದರೂ ಆ ಹೊತ್ತಿನ ಸಮುದ್ರವನ್ನು ಅಪ್ಪ ನೋಡಿರಲಿಲ್ಲ. ಅದು ಗ್ರೈಂಡರಿನ ಹೊತ್ತು. "ಇಷ್ಟ್ ಜನ ದಿನಾ ಬತ್ರಾ ಇಲ್ಲಿ?" ಎಂದು ಬೆರಗಾದ. ನೀರಿಗೆ ಇಳಿಯಲಿಲ್ಲ, ಡಾಕ್ಟರು ಕೈ ಒದ್ದೆ ಮಾಡಬೇಡಿ ಎಂದಿದ್ದಾರಲ್ಲ ಎಂದ. ಕಾಲು ಒದ್ದೆ ಮಾಡಬಹುದು ಅಪ್ಪ ಎಂದರೂ ಕೇಳಲಿಲ್ಲ. ಮರಳಿನಲ್ಲಿ ಚಕ್ಕಳಮಕ್ಕಳ ಕೂತು ಬಜ್ಜಿ ತಿಂದು, ಹಿಟ್ಟಿಗೆ ಉಪ್ಪು ಕಡಿಮೆ ಎಂದು ತೀರ್ಪು ಕೊಟ್ಟ. ಹೆಬ್ಬೆರಳನ್ನು ಬಿಡಿಸಿ ಆಗಾಗ ನೋಡಿಕೊಳ್ಳುತ್ತಿದ್ದ. ಬುಡದಲ್ಲಿ ಇನ್ನೂ ಏನೂ ಬದಲಾಗಿರಲಿಲ್ಲ. ಹೊಸ ಉಗುರಿನ ತಿಳಿ ಅಂಚು ಕಾಣಿಸಿಕೊಂಡದ್ದು ಎರಡು ತಿಂಗಳ ಮೇಲೆ. ಪೂರ್ತಿ ಬಂದದ್ದು ಡಿಸೆಂಬರಿನಲ್ಲಿ.

ಏಳಕ್ಕೆ ಐದು ನಿಮಿಷವಿರುವಾಗ ಅಪ್ಪನ ಫೋನು ಬಡಿಯಿತು. ಹೋಟೆಲಿನಿಂದ. ಆಚೆಯವರ ಗಾಬರಿ ನನಗೂ ಕೇಳುತ್ತಿತ್ತು: ಉಪ್ಪು ಹಾಕಿಯಾಗಿದೆ, ಹಿಟ್ಟು ಸ್ವಲ್ಪ ಗಟ್ಟಿಯಾಗಿದೆಯೇನೋ, ನೀವು ಒಂದು ಗಳಿಗೆ ಬಂದು ನೋಡಿ ಹೋಗುತ್ತೀರಾ, ಇಲ್ಲೇ ಅಲ್ಲವೇ ಇರುವುದು?

ಅಮ್ಮ ಅಪ್ಪನ ಮುಖ ನೋಡಿದಳು. ನಾನೂ ನೋಡಿದೆ.

"ಒಂದ್ ಲೋಟ ನೀರು ಹಾಕಿ ಮುಚ್ಚಿಡಿ. ಬೆಳಿಗ್ಗೆ ಏಳ್ತ್" ಎಂದ ಅಪ್ಪ. "ಹಿಟ್ಟಿಗೆ ಗೊತ್ತಿತ್ತ್."

ಫೋನನ್ನು ಅಮ್ಮನ ಕೈಗೆ ಕೊಟ್ಟು, ಇನ್ನೊಂದು ಪ್ಲೇಟು ಬಜ್ಜಿ ಹೇಳು ಎಂದ.